ಎಂಟು ಪ್ರಬಂಧಗಳ ಅಮರಗುಂಡಪ್ಪ

ಧಾರವಾಡದಿಂದ ಬಂದ ಪತ್ರವನ್ನು ದೊಡ್ಡಜ್ಜಪ್ಪ ಮೂರು ಸಲ ಓದಿದ. ಮೊದಲ ಸಲ ಮಸ್ಕಿ ಶಾಲೆಯ ಕಟ್ಟೆಯ ಮೇಲೆ ನಿಂತು, ಎರಡನೆಯ ಸಲ ಏಳನೆಯ ವರ್ಗದವರಿಗೆ ಲೆಕ್ಕ ಹಾಕಿ ಕುರ್ಚಿಯ ಮೇಲೆ ಕೂತು, ಮೂರನೆಯ ಸಲ ಮನೆಗೆ ನಡೆಯುತ್ತ. ಪ್ರತಿ ಸಲವೂ ಮೊದಲು ಸಂತೋಷ ಆಗಬೇಕಾದ ಜಾಗದಲ್ಲಿ ಒಂದು ಆಯಾಸ ಬಂದು ಕೂತಿತು.

ಪತ್ರ ಬರೆದವರು ಒಬ್ಬ ಪ್ರಾಧ್ಯಾಪಕರು. ಐವತ್ತಾರರಲ್ಲಿ ಕನ್ನಡ ರಾಜ್ಯ ಒಂದಾಗಿ ಒಂದು ತಿಂಗಳಾಗಿತ್ತು. ಹೊಸದಾಗಿ ಸೇರಿದ ಈ ಕಡೆಯ ನೆಲ, ನೀರು, ಜನ, ಹಳೆಯ ಕುರುಹು ಎಲ್ಲವನ್ನೂ ಕುರಿತು ಒಂದು ವರದಿ ಬರೆಯಲು ಅಲ್ಲೊಂದು ಸಮಿತಿ ಆಗಿತ್ತು. ಅವರು ಬರೆದಿದ್ದರು: ‘ರಾಯಚೂರಿನ ತ್ರೈಮಾಸಿಕದಲ್ಲಿ ತಾವು ಬರೆದ ಎಂಟು ಪ್ರಬಂಧಗಳನ್ನು ಓದಿದ್ದೇನೆ. ಶಿಲಾಯುಗದ ಬೂದಿ ದಿಬ್ಬಗಳ ಮೇಲೆ ಮೂರು, ನಾರುಹುಣ್ಣಿನ ಮೇಲೆ ಮೂರು, ಕರಿಮಣ್ಣು ಮತ್ತು ಉಪ್ಪಿನ ಮೇಲೆ ಎರಡು. ಒಬ್ಬನಿಗೇ ಇಷ್ಟು ದೂರದೂರದ ವಿಷಯಗಳು ಹೇಗೆ ಒಲಿದವು ಎಂದು ಮೊದಲು ಅನುಮಾನಪಟ್ಟೆ. ಅಮರಗುಂಡಪ್ಪ ಎಂಬ ಹೆಸರಿನವರು ಇಬ್ಬರು ಮೂವರು ಇರಬಹುದೇ ಎಂದುಕೊಂಡೆ. ಆದರೆ ವಾಕ್ಯಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಅನುಮಾನ ಹೋಯಿತು. ಕೈ ಒಂದೇ. ಇಂಥವರೇ ನಮಗೆ ಬೇಕು.’

ಎರಡು ವರ್ಷದ ಕೆಲಸ. ಧಾರವಾಡದಲ್ಲಿ ಇರಲು ಮನೆ. ಓದುವುದು, ತಿರುಗುವುದು, ಬರೆಯುವುದು. ಜೊತೆಗೆ ಎಂಟು ಪ್ರಬಂಧಗಳ ಪಟ್ಟಿಯೊಂದಿತ್ತು. ‘ಇವು ನನ್ನವು’ ಎಂದು ಅದರ ಕೆಳಗೆ ಸಹಿ ಮಾಡಿ ತಿಂಗಳ ಕೊನೆಯೊಳಗೆ ಕಳಿಸಬೇಕು, ಅಷ್ಟೆ.

ಅವುಗಳಲ್ಲಿ ಅವನವು ಮೂರು, ಬೂದಿ ದಿಬ್ಬಗಳವು ಮಾತ್ರ.

ಇದಕ್ಕೆ ಕಾರಣ ಅವನ ಅಜ್ಜ. ಅಜ್ಜನ ಹೆಸರು ಅಮರಗುಂಡಪ್ಪ. ಅಜ್ಜನಿಗೆ ಮೂರು ಗಂಡುಮಕ್ಕಳು. ಆ ಮೂವರೂ ತಮ್ಮ ತಮ್ಮ ಚೊಚ್ಚಲ ಗಂಡುಮಗನಿಗೆ ಅಪ್ಪನ ಹೆಸರನ್ನೇ ಇಟ್ಟರು. ಹಾಗೆ ಇಡದೆ ಹೋದರೆ ಹಿರಿಯರನ್ನು ಮರೆತ ಹಾಗೆ. ಹೀಗೆ ಒಂದೇ ಅಂಗಳದಲ್ಲಿ ಮೂವರು ಅಮರಗುಂಡಪ್ಪರು ಬೆಳೆದರು. ಆದರೆ ಆ ಮನೆಯಲ್ಲಿ ಆ ಹೆಸರನ್ನು ಯಾರೂ ಕೂಗಿ ಕರೆದದ್ದಿಲ್ಲ. ಸೊಸೆಯಂದಿರು ಮಾವನ ಹೆಸರನ್ನು ಬಾಯಲ್ಲಿ ಹೇಳುವ ಹಾಗಿರಲಿಲ್ಲ. ಹೆತ್ತ ತಾಯಿಗೇ ಮಗನ ಹೆಸರು ನಿಷಿದ್ಧವಾಗಿತ್ತು. ಅದಕ್ಕೇ ಮೂವರೂ ಅಜ್ಜಪ್ಪ ಆದರು. ದೊಡ್ಡಜ್ಜಪ್ಪ, ನಡುವಜ್ಜಪ್ಪ, ಸಣ್ಣಜ್ಜಪ್ಪ. ಅಮರಗುಂಡಪ್ಪ ಎಂಬುದು ಶಾಲೆಯ ದಾಖಲೆಗೆ, ಕಚೇರಿಯ ಕಾಗದಕ್ಕೆ ಮಾತ್ರ ಉಳಿಯಿತು.

ದೊಡ್ಡಜ್ಜಪ್ಪ ಊರ ಶಾಲೆಯಲ್ಲಿ ಉರ್ದು ಕಲಿತ ಮೇಲೆ ಸೋದರಮಾವನ ಕೃಪೆಯಿಂದ ಧಾರವಾಡಕ್ಕೆ ಹೋಗಿ ಕನ್ನಡದಲ್ಲಿ ಓದಿ ಬಿ.ಎ. ಆದ. ಉಳಿದಿಬ್ಬರು ಕೊನೆಯ ತನಕ ನಿಜಾಮರ ಶಾಲೆಯಲ್ಲಿ ಉರ್ದುವನ್ನೇ ಓದಿದರು. ನಡುವಜ್ಜಪ್ಪ ಲಿಂಗಸುಗೂರಿನ ದವಾಖಾನೆಯಲ್ಲಿ ಕಂಪೌಂಡರ್ ಆದ. ಸಣ್ಣಜ್ಜಪ್ಪ ಸಿಂಧನೂರಿನಲ್ಲಿ ಕಾಲುವೆ ಕೆಲಸದವರ ಕೈಕೆಳಗೆ ಹೊಲಗಳ ಮಣ್ಣಿನ ನಮೂನೆ ತೆಗೆಯುವ ನೌಕರಿಗೆ ಸೇರಿದ. ಪೊಲೀಸ್ ಆಕ್ಷನ್ ಆಗಿ ನಿಜಾಮರ ಆಳ್ವಿಕೆ ಮುಗಿದು ಎಲ್ಲ ಕಡೆ ಕನ್ನಡ ಬಂದಾಗ ಈ ಇಬ್ಬರಿಗೂ ಹೇಳಬೇಕಾದದ್ದು ಬೇಕಾದಷ್ಟಿತ್ತು, ಹೇಳಲು ಭಾಷೆ ಇರಲಿಲ್ಲ. ಮಾತಾಡುತ್ತಿದ್ದರು, ಬರೆಯಲು ಕೂತರೆ ಕೈಗೆ ಉರ್ದುವೇ ಬರುತ್ತಿತ್ತು. ತಮಗೆ ಕಂಡದ್ದನ್ನು ಉರ್ದುವಿನಲ್ಲಿ ಬರೆದು ಮಸ್ಕಿಗೆ ಕಳಿಸುವರು. ದೊಡ್ಡಜ್ಜಪ್ಪ ಅದನ್ನು ಕನ್ನಡಕ್ಕೆ ತಂದು, ತಿದ್ದಿ, ಕೆಳಗೆ ‘ಅಮರಗುಂಡಪ್ಪ’ ಎಂದು ಬರೆದು ಮಸ್ಕಿಯ ಅಂಚೆಗೇ ಹಾಕುವನು. ತ್ರೈಮಾಸಿಕದವರಿಗೆ ಒಂದೇ ಊರಿನಿಂದ, ಒಂದೇ ಅಕ್ಷರದಲ್ಲಿ, ಒಂದೇ ಹೆಸರಿನ ಲೇಖನಗಳು. ‘ನಾವು ಮೂವರು’ ಎಂದು ಅವನು ಒಮ್ಮೆ ಕಾರ್ಡು ಬರೆದಿದ್ದ. ಉತ್ತರ ಬರಲಿಲ್ಲ. ಮತ್ತೆ ಬರೆಯಲಿಲ್ಲ. ಹಾಗೆ ಬರೆಯದೆ ಬಿಟ್ಟದ್ದರಲ್ಲಿ ಸೋಮಾರಿತನ ಎಷ್ಟು, ಬೇರೆಯದೆಷ್ಟು ಎಂದು ಅವನು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ಪತ್ರ ಹಿಡಿದು ಅವನು ಮನೆ ಮುಟ್ಟಿದಾಗ ಹೆಂಡತಿ ಶೇಖರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು.

“ಯಾಕ್ರಿ, ಮಾರಿ ಹಿಂಗ ಮಾಡೀರಿ? ಯಾರರ ಸತ್ತಾರೇನು?”

“ಧಾರವಾಡಕ್ಕ ಕರ್ಯಾಕತ್ಯಾರ. ಕೆಲಸ ಕೊಡ್ತಾರಂತ.”

“ಮತ್ತ ಚೊಲೋ ಆತಲ್ಲ!”

“ಎಂಟು ಪ್ರಬಂಧ ಬರದವಗ ಕೊಡೂ ಕೆಲಸ ಅದು. ನಾ ಬರದದ್ದು ಮೂರು.”

“ಎಲ್ಲಾ ನೀವೇ ಬರದೀರಿ. ಕಂದೀಲಿಗೆ ಎಣ್ಣಿ ಹಾಕಿದಾಕಿ ನಾನು, ನನಗ ಗೊತ್ತಿಲ್ಲೇನು? ಅವರು ಗೀಚಿ ಕಳಿಸ್ತಿದ್ರು. ಬರದವರು ನೀವು.” ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ಅವನ ಕಡೆ ನೋಡದೆ ಹೇಳಿದಳು, “ಹದಿನಾಲ್ಕು ವರ್ಷ ಆತು ಈ ಸಾಲಿಯೊಳಗ. ಒಂದು ಖೋಲಿಯೊಳಗ ಮೂರು ವರ್ಗ. ರಾತ್ರಿ ಮಲಗಿದಾಗ ಸುದ್ದಾ ಮಗ್ಗಿ ಹೇಳ್ತೀರಿ. ನಿಮಗ ಗೊತ್ತೈತೇನು?”

ಅವನಿಗೆ ಗೊತ್ತಿರಲಿಲ್ಲ. ಆ ಮಾತು ಮಾತ್ರ ಅವನ ಜೊತೆಗೇ ಉಳಿಯಿತು.

ತಮ್ಮಂದಿರ ಮನೆಗಳಲ್ಲಿ ಕೇಳಿಯೇ ಸಹಿ ಮಾಡುವುದು ಎಂದು ಅವನು ಶನಿವಾರ ಲಿಂಗಸುಗೂರಿಗೆ ಹೋದ. ದವಾಖಾನೆಯ ಪಡಸಾಲೆಯಲ್ಲಿ ನಡುವಜ್ಜಪ್ಪ ನೆಲದ ಮೇಲೆ ಕೂತು, ಒಬ್ಬ ಕುರಿಗಾಹಿಯ ಹಿಮ್ಮಡದಿಂದ ಇಣುಕಿದ್ದ ನಾರಿನಂಥ ಹುಳವನ್ನು ಬೆಂಕಿಕಡ್ಡಿಗೆ ಸುತ್ತುತ್ತಿದ್ದ.

“ಎಳಿಬ್ಯಾಡ್ರೀ ಯಪ್ಪಾ, ಜೀವ ಹೊಕ್ಕೈತಿ!”

“ಎಳಿಯಾಕತ್ತಿಲ್ಲೋ ಗ್ಯಾನಪ್ಪಾ, ಸುತ್ತಾಕತ್ತೀನಿ. ದಿನಕ್ಕೊಂದು ಸುತ್ತು. ಅವಸರ ಮಾಡಿದ್ರ ಒಳಗ ಹರಿತೈತಿ, ಆಮ್ಯಾಲೆ ಕಾಲೇ ಕೊಳೀತೈತಿ.” ನಡುವಜ್ಜಪ್ಪ ತಲೆ ಎತ್ತಿದ. “ಬಾ ಅಣ್ಣಾ, ಬಾ. ಏ ಗ್ಯಾನಪ್ಪಾ, ಇವರ್ಯಾರು ಗೊತ್ತೇನು? ನಿನ್ನ ಹುಳದ ಮ್ಯಾಲೆ ಪುಸ್ತಕದಾಗ ಬರದವರು.”

ಗ್ಯಾನಪ್ಪ ನೋವಿನಲ್ಲೂ ಅವನನ್ನು ಮೇಲಿನಿಂದ ಕೆಳಗೆ ನೋಡಿದ. “ಬರದು ಏನ್ ಮಾಡಿದ್ರಿ? ಹುಳ ಓದತೈತೇನು?”

ನಡುವಜ್ಜಪ್ಪ ಬಿದ್ದು ಬಿದ್ದು ನಕ್ಕ. ಕಡ್ಡಿಯನ್ನು ಹುಣ್ಣಿನ ಮೇಲೆ ಕಟ್ಟಿ, ಕೈ ತೊಳೆದು ಪತ್ರ ಓದಿದ. ಓದುತ್ತ ಅವನ ತುಟಿ ನಿಧಾನ ಅಲುಗುತ್ತಿತ್ತು. ಕನ್ನಡ ಓದುವಾಗ ಅವನಿಗೆ ಈಗಲೂ ಹಾಗೆಯೇ.

“ತಗೊಂಡು ಬಿಡು. ನನ್ನವು ಮೂರೂ ತಗೋ. ನನಗ ಅದರಿಂದ ಏನಾಗಬೇಕಾಗೈತಿ? ಕಂಪೌಂಡರ್ ಬರದದ್ದು ಅಂದ್ರ ಯಾವ ಡಾಕ್ಟರೂ ಓದೂದಿಲ್ಲ.”

“ಭಾವಿಗೆ ಇಳದು ಮಂದಿ ನೀರು ತುಂಬೂದು, ಕಾಲು ಅದ್ದೂದು, ಯಾವ ಊರಾಗ ಎಷ್ಟು ಮಂದಿಗೆ ಹುಣ್ಣು, ಎಲ್ಲಾ ನೋಡಿದಾವ ನೀನು.”

“ನೋಡೂದು ನನ್ನ ನೌಕರಿ ಅಣ್ಣಾ.” ಅವನು ದನಿ ತಗ್ಗಿಸಿದ. “ನಿಜ ಹೇಳ್ಲೇನು? ನಾನೂ ನಿನ್ನ ಹೆಸರು ತಿಂದೀನಿ. ದೊಡ್ಡ ಡಾಕ್ಟರು ಬಂದಾಗೊಮ್ಮೆ ಕೇಳತಾರ, ‘ಏನ್ರೀ, ನಿಮ್ಮ ಬೂದಿ ದಿಬ್ಬ ಎಲ್ಲಿಗಿ ಬಂತು?’ ಅಂತ. ‘ನಡದೈತ್ರಿ ಸಾಹೇಬ್ರ’ ಅಂತೀನಿ. ಕುರ್ಚಿ ಕೊಡತಾರ.”

“ಯಾಕ ಹಂಗಂದಿ?”

“ನೀ ಯಾಕ ಸುಮ್ನಿದ್ದಿ? ನೀ ಸುಮ್ನಿದ್ದಿ, ನಾನೂ ಸುಮ್ನಿದ್ದೆ.”

ಆ ಉದಾರತೆ ದೊಡ್ಡಜ್ಜಪ್ಪನನ್ನು ಇನ್ನಷ್ಟು ದಣಿಸಿತು. ತಮ್ಮ ಜಗಳ ಮಾಡಿದ್ದರೆ, ‘ನನ್ನದು ನನಗೆ ಬಿಡು’ ಅಂದಿದ್ದರೆ, ಪಟ್ಟಿಯ ಮೇಲೆ ಗೆರೆ ಎಳೆಯುವುದು ಸುಲಭವಿತ್ತು.

“ಸಣ್ಣಾವನ ಎರಡು?” ಎಂದು ಕೇಳಿದ.

ನಡುವಜ್ಜಪ್ಪನ ನಗು ನಿಂತಿತು. ಸಣ್ಣಜ್ಜಪ್ಪ ಐವತ್ನಾಲ್ಕರ ಮಳೆಗಾಲದಲ್ಲಿ, ಕಾಲುವೆಯ ಗುಡಾರಗಳಲ್ಲಿ ಹಬ್ಬಿದ ಜ್ವರದಲ್ಲಿ ಹೋಗಿಬಿಟ್ಟಿದ್ದ. ಹೆಂಡತಿ ಕಸ್ತೂರೆಮ್ಮ ಸಿಂಧನೂರಿನಲ್ಲೇ ಉಳಿದಿದ್ದಳು.

“ಕಸ್ತೂರೆವ್ವನ್ನ ಕೇಳು. ನೀ ಈಚೀಚೆಗೆ ಹೋಗಿದ್ದೇನು?”

“ಇಲ್ಲ. ನೀನು?”

“ಮಣ್ಣಿಗೆ ಹೋಗಿ ಬಂದದ್ದೇ ಕಡೀದು.”

ಇಬ್ಬರೂ ಗ್ಯಾನಪ್ಪ ಕುಂಟುತ್ತ ಗೇಟು ದಾಟುವುದನ್ನು ನೋಡಿದರು.

ಮರುದಿನ ಬೆಳಗಿನ ಬಸ್ಸಿಗೆ ಹತ್ತಿದ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಮಸ್ಕಿಯ ಮೇಲೆಯೇ ಹಾಯ್ದು ಹೋಗುತ್ತದೆ. ತನ್ನದೇ ಊರಿನಲ್ಲಿ ಬಸ್ಸು ನಿಂತಾಗ ಅವನು ಇಳಿಯಲಿಲ್ಲ. ಇಳಿದುಬಿಟ್ಟರೆ ಮನೆ ಹತ್ತು ಹೆಜ್ಜೆ, ಸಹಿ ಒಂದು ಗಳಿಗೆ. ಕಿಟಕಿಯಲ್ಲಿ ಕಾಣುತ್ತಿದ್ದ ಗುಡ್ಡವನ್ನು ನೋಡುತ್ತ ಕೂತ. ಬಸ್ಸು ಹೊರಟಿತು.

ಸಿಂಧನೂರಿನಲ್ಲಿ ಕಸ್ತೂರೆಮ್ಮ ಲಾಲ್‌ಬೀ ಎಂಬ ಮುದುಕಿಯ ಮನೆಯ ಮುಂದಿನ ಖೋಲಿಯಲ್ಲಿದ್ದಳು. ಓಣಿಯವರಿಗೆ ಹಳೆಯ ಬಟ್ಟೆಗಳ ಕೌದಿ ಹೊಲಿದುಕೊಟ್ಟು ಬದುಕುತ್ತಿದ್ದಳು. ಬಾಗಿಲಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಲಾಲ್‌ಬೀ ಅವನನ್ನು ಗುರುತು ಹಿಡಿದಳು.

“ಬಂದ್ರೇನು ಮಾಸ್ತರ್‌ಸಾಬ್? ಮಸ್ಕಿಯಿಂದ ಸಿಂಧನೂರಿಗೆ ಬರಾಕ ಎರಡು ವರ್ಷ ಹಿಡೀತೇನು? ಹೆಳವರೂ ಇದಕ್ಕಿಂತ ಜಲ್ದಿ ನಡಿತಾರ.”

ಅವನು ತಲೆ ತಗ್ಗಿಸಿ ಒಳಗೆ ಹೋದ. ಕಸ್ತೂರೆಮ್ಮ ಸೆರಗು ತಲೆಗೆ ಎಳೆದುಕೊಂಡು, ಅರ್ಧ ಹೊಲಿದ ಕೌದಿಯನ್ನೇ ಮಡಚಿ ಅವನಿಗೆ ಕೂಡಲು ಹಾಕಿ, ತಾನು ಒಳಬಾಗಿಲಿನ ಮರೆಗೆ ನಿಂತಳು. ಗಂಡನ ಅಣ್ಣನ ಎದುರು ಅವಳು ಕೂಡುತ್ತಿರಲಿಲ್ಲ. ನೀರು ಕೊಟ್ಟಳು. ಅವನು ಪತ್ರದ ಸಂಗತಿ ಹೇಳಿದ. ಎಂಟರಲ್ಲಿ ಎರಡು ಅವಳ ಗಂಡನವು, ಅವನ್ನು ತನ್ನವೆಂದು ಬರೆಯಬೇಕಾಗುತ್ತದೆ, ಅವಳು ಬೇಡವೆಂದರೆ ಬೇಡ. ಹೇಳುವಾಗ ತನ್ನ ದನಿ ತನಗೇ ಸಾಲ ಕೇಳುವವನ ದನಿಯ ಹಾಗೆ ಕೇಳಿಸಿತು.

ಅವಳು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

“ಬರದು ಬಿಡ್ರಿ ಭಾವಾರ,” ಅಂದಳು. “ನಿಮ್ಮವೇ ಅಂತ ಬರೀರಿ. ಅಷ್ಟು ಮಾಡಿದ್ರ ನನಗ ದೊಡ್ಡ ಉಪಕಾರ ಆಗತೈತಿ.”

ಅವನಿಗೆ ಅರ್ಥವಾಗಲಿಲ್ಲ. “ಉಪಕಾರ ಹೆಂಗವ್ವಾ?”

“ನನ್ನ ತವರು ವಳಕಮದಿನ್ನಿ. ನಿಮಗ ಗೊತ್ತೈತಿ. ನಮ್ಮಣ್ಣ ಆದೆಪ್ಪ, ‘ನಮ್ಮ ತಂಗಿ ಗಂಡ ಬರದಾನ’ ಅಂತ ಆ ಪುಸ್ತಕ ತರಿಸಿ ಚಾವಡಿಯೊಳಗ ಓದಿಸಿದ. ಅದರಾಗ ಏನೈತಿ, ಕರಿಮಣ್ಣಿಗೆ ನೀರು ನಿಂತ್ರ ಉಪ್ಪಾಗತೈತಿ ಅಂತ. ಕಾಲುವಿ ಬರೂದು ಖರೇನ ಇತ್ತು. ಅಣ್ಣ ಅಂಜಿಬಿಟ್ಟ. ಅಡ್ಡಾದುಡ್ಡಿಗೆ ಹನ್ನೆರಡು ಎಕರೆ ಮಾರಿದ, ಆಂಧ್ರದ ಕಡಿಂದ ಬಂದವರಿಗೆ.” ಸ್ವಲ್ಪ ತಡೆದಳು. “ಈ ವರ್ಷ ನೀರು ಬಂತು. ಅದೇ ಹೊಲದಾಗ ಈಗ ನೆಲ್ಲು ಕೊಯ್ಯಾಕತ್ಯಾರ. ಉಪ್ಪೂ ಇಲ್ಲ, ಏನೂ ಇಲ್ಲ.”

ಅವನು ನೀರಿನ ಲೋಟವನ್ನು ಕೈಗೆ ತೆಗೆದುಕೊಂಡ, ಕುಡಿಯಲಿಲ್ಲ.

“ಇವರು ಹ್ವಾದಾಗ ಅಣ್ಣ ಮಣ್ಣಿಗೆ ಬಂದ. ಒಂದು ಮುಷ್ಟಿ ಹಾಕಿದ, ಹ್ವಾದ. ‘ಮನಿಗೆ ಬಾ’ ಅಂತ ಕರೀಲಿಲ್ಲ. ಇವತ್ತಿಗೂ ಕರದಿಲ್ಲ. ನೀವು ಬರದದ್ದು ಅಂತಾದ್ರ, ಇವರ ಮ್ಯಾಲಿನ ಮಾತು ಹೋಗತೈತಿ. ಸತ್ತವರಿಗೆ ಯಾಕ ಆ ಮಾತು?”

ಹೊರಗೆ ಲಾಲ್‌ಬೀಯ ಕುಟ್ಟಾಣಿ ನಿಂತಿತ್ತು. ಅವಳೂ ಕೇಳಿಸಿಕೊಳ್ಳುತ್ತಿದ್ದಳು.

ಇಷ್ಟು ಸುಲಭವಾಗಿ ಯಾವ ಬಾಗಿಲೂ ತನಗೆ ತೆರೆದದ್ದಿಲ್ಲ ಎಂದು ದೊಡ್ಡಜ್ಜಪ್ಪನಿಗೆ ಅನಿಸಿತು. ಒಬ್ಬ ನಕ್ಕು ಕೊಟ್ಟ, ಒಬ್ಬಳು ಕೈಮುಗಿದು ಕೊಡುತ್ತಿದ್ದಾಳೆ. ಸಹಿ ಮಾಡಿದರೆ ಕೆಲಸವೂ ಸಿಗುತ್ತದೆ, ಪುಣ್ಯವೂ ಬರುತ್ತದೆ. ಆದರೂ ಏನೋ ಒಂದು ತಡೆಯಿತು.

“ಅವ ವಳಕಮದಿನ್ನಿ ಹೊಲ ನೋಡಿದ್ದನೇನು?”

“ನೋಡಿದ್ರು. ಕೆರಿ ಕೆಳಗಿನ ಹೊಲದಾಗ ಆಳುದ್ದ ತಗ್ಗು ತೋಡಿಸಿದ್ರು. ‘ನಿಮ್ಮೂರ ಮಣ್ಣು ಚೊಲೋ ಐತಿ’ ಅಂತ ನನ್ನ ಮುಂದ ಹೇಳಿದ್ರು. ಪುಸ್ತಕದಾಗ ಬ್ಯಾರೆ ಬಂತು. ‘ಯಾಕ ಹಿಂಗ ಬಂತು?’ ಅಂತ ಕೇಳಿದೆ.”

“ಏನಂದ?”

ಬಾಗಿಲಿನ ಮರೆಯಲ್ಲಿ ಬಳೆಗಳು ಸದ್ದು ಮಾಡಿದವು. “‘ಅಣ್ಣ ಬರದಾನ. ಅವನ ಕನ್ನಡ ದೊಡ್ಡದು. ಸುಮ್ನಿರು’ ಅಂದ್ರು.”

ಅವನು ಲೋಟವನ್ನು ಕೆಳಗಿಟ್ಟ. “ಅವನ ಕಾಗದಪತ್ರ ಅದಾವೇನವ್ವಾ?”

ಅವಳು ಒಂದು ತಗಡಿನ ಪೆಟ್ಟಿಗೆ ತಂದು ಇಟ್ಟಳು. ಒಳಗೆ ಉರ್ದುವಿನಲ್ಲಿ ಬರೆದ ಮೂರು ನೋಟುಪುಸ್ತಕ, ಅವುಗಳ ಅಡಿಯಲ್ಲಿ ಮಡಚಿದ ಹಾಳೆಗಳು. ಅವಳಿಗೆ ಯಾವ ಭಾಷೆಯೂ ಓದಲು ಬರುತ್ತಿರಲಿಲ್ಲ. ಆದರೂ ಎಲ್ಲವನ್ನೂ ಗಂಡ ಇಟ್ಟ ಕ್ರಮದಲ್ಲೇ ಇಟ್ಟಿದ್ದಳು. ದೊಡ್ಡಜ್ಜಪ್ಪ ಆ ಹಾಳೆಗಳನ್ನು ಗುರುತು ಹಿಡಿದ. ಸಣ್ಣಜ್ಜಪ್ಪ ಮಸ್ಕಿಗೆ ಕಳಿಸಿದ ಬರಹ ಅದು. ಕನ್ನಡ ಮಾಡಿ ಮುಗಿದ ಮೇಲೆ ತಾನೇ ತಿರುಗಿ ಕಳಿಸಿದ್ದ. ಕೊನೆಯ ಪುಟದಲ್ಲಿ ಎಂಟು ಸಾಲುಗಳ ಮೇಲೆ ಕೆಂಪು ಪೆನ್ಸಿಲಿನ ಗೆರೆ ಓರೆಯಾಗಿ ಎಳೆದಿತ್ತು. ಹುಡುಗರ ನೋಟುಪುಸ್ತಕ ತಿದ್ದುವ ಪೆನ್ಸಿಲು. ಎಳೆದ ಕೈ ತನ್ನದು.

ಗೆರೆಯ ಕೆಳಗಿನದನ್ನು ಓದಿದ. ಎಳೆದದ್ದು ನೆನಪಿರಲಿಲ್ಲ. ಓದುತ್ತ ಹೋದ ಹಾಗೆ ನೆನಪಾಯಿತು. ಪರೀಕ್ಷೆಯ ದಿನಗಳು, ನೂರಾರು ಉತ್ತರಪತ್ರಿಕೆಗಳ ನಡುವೆ ಇದನ್ನು ಕೈಗೆ ತೆಗೆದುಕೊಂಡದ್ದು, ಇಷ್ಟು ಗಟ್ಟಿಯಾದ ಲೇಖನ ಕೊನೆಗೆ ಹೀಗೆ ತೊದಲಬಾರದು ಅನಿಸಿದ್ದು. ಆ ಸಾಲುಗಳನ್ನು ಹೊಡೆದು ಹಾಕಿ ಒಂದು ವಾಕ್ಯ ಬರೆದಿದ್ದ: ‘ಕರಿಮಣ್ಣಿಗೆ ನಿಂತ ನೀರು ಕುಡಿಸಿದವನು ಉಪ್ಪನ್ನು ಬೆಳೆಯುತ್ತಾನೆ.’ ಬರೆದ ದಿನ ಶೇಖರಮ್ಮನಿಗೂ ಓದಿ ಹೇಳಿದ್ದ. ಧಾರವಾಡದ ಪತ್ರದಲ್ಲಿ ಪ್ರಾಧ್ಯಾಪಕರು ಎತ್ತಿ ಬರೆದದ್ದೂ ಇದೊಂದನ್ನೇ. ‘ಕಾಲುವೆ ಕೆಳಗಿನ ರೈತರೆಲ್ಲ ತಿಳಿಯಬೇಕಾದ ಮಾತು, ವರದಿಯ ಮೊದಲಿಗೇ ಹಾಕೋಣ’ ಎಂದು.

“ಏನಂತ ಬರದಾರ್ರಿ?” ಅವಳು ಕೇಳಿದಳು.

ಅವನು ಆಗಿಂದಾಗಲೇ ಕನ್ನಡ ಮಾಡಿ ಹೇಳಿದ. “‘ಕೆರೆ, ಭಾವಿ ಕೆಳಗೆ ಹತ್ತು ವರ್ಷಕ್ಕಿಂತ ಹೆಚ್ಚು ನೀರುಂಡ ಒಂಬತ್ತು ಹೊಲ ನೋಡಿದ್ದೇನೆ. ಐದರಲ್ಲಿ ಉಪ್ಪು ಮೇಲೆ ಬಂದಿದೆ. ನಾಲ್ಕರಲ್ಲಿ ಬಂದಿಲ್ಲ. ವಳಕಮದಿನ್ನಿಯದು ಬಂದಿಲ್ಲದ್ದರಲ್ಲಿ ಒಂದು. ಯಾಕೆ ಎಂದು ನನಗೆ ಗೊತ್ತಾಗಿಲ್ಲ. ಕೆಳಗೆ ಹರಳುಗಲ್ಲಿನ ಗರಸು ಇದ್ದಲ್ಲಿ ನೀರು ಇಳಿದು ಹೋಗುತ್ತದೋ ಏನೋ. ಇನ್ನೂ ನೋಡಬೇಕು. ನೋಡುವ ತನಕ ಯಾವ ಹೊಲಕ್ಕೂ ಮುಂದೆ ಹೀಗೇ ಆಗುತ್ತದೆ ಎಂದು ಹೇಳಲಾರೆ.’”

ಕಸ್ತೂರೆಮ್ಮ ಆ ಹಾಳೆಯ ಕಡೆ ನೋಡಿದಳು.

“ಇದು ಪುಸ್ತಕದಾಗ ಬರಲಿಲ್ಲಲ್ಲ.”

“ನಾ ಹೊಡದು ಹಾಕಿದೆ.”

“ಯಾಕ್ರಿ?”

ಹೇಳಲು ಅವನ ಬಳಿ ಬೇರೆ ಕಾರಣಗಳಿದ್ದವು. ಕೆಲಸದ ಒತ್ತಡ, ಪುಟಗಳ ಮಿತಿ, ಸಂಪಾದಕರು. ಯಾವುದೂ ನಿಜವಲ್ಲ.

“ಓದಾಕ ಚಂದ ಇರಲಿಲ್ಲವ್ವಾ.”

ಅವಳು ಅಳಲಿಲ್ಲ, ಬಯ್ಯಲಿಲ್ಲ. ಹೊರಗಿನಿಂದ ಲಾಲ್‌ಬೀ ಮಾತ್ರ, “ಯಾ ಅಲ್ಲಾ,” ಎಂದು ಉಸಿರುಬಿಟ್ಟಳು. ಕಸ್ತೂರೆಮ್ಮ ಬಾಗಿಲಿನ ಮರೆಯಿಂದ ಈಚೆ ಬಂದು, ಮೊದಲ ಸಲ, ಗೋಡೆಗೆ ಆತು ಅವನೆದುರು ಕೂತಳು.

“ಹಂಗಾದ್ರ ನಿಮ್ಮ ಹೆಸರಿಗೆ ಬರಕೊಂಡ್ರ ಸುಳ್ಳೇನೂ ಆಗೂದಿಲ್ಲ. ಆ ಮಾತು ನಿಮ್ಮದೇ.”

“ಆ ಮಾತು ನಂದು. ಅದರ ಹಿಂದಿನ ತಗ್ಗು ಒಂದೂ ನಂದಲ್ಲ.” ಪತ್ರವನ್ನು ತೆಗೆದ. “ನಾ ಸಹಿ ಮಾಡಿದ್ರ ಆ ಮಾತು ಇನ್ನೂ ದೊಡ್ಡ ಪುಸ್ತಕದಾಗ ಹೋಗತೈತಿ. ಇನ್ನ ಎಷ್ಟು ಚಾವಡಿಯೊಳಗ ಓದತಾರೋ, ಎಷ್ಟು ಆದೆಪ್ಪಗಳು ಮಾರತಾರೋ. ಖರೇ ಹೇಳಿದ್ರ ಕೆಲಸ ಸಿಗೂದಿಲ್ಲ.”

“ಸಿಗದಿದ್ರ?”

“ಸೋಮವಾರ ಸಾಲಿಗೆ ಹೋಗೂದು.”

ಅದನ್ನು ಹೇಳಿದಾಗ ಅವನಿಗೆ ತಾನು ನಿದ್ದೆಯಲ್ಲಿ ಹೇಳುವ ಮಗ್ಗಿ ಕೇಳಿಸಿದಂತಾಯಿತು. ನಿವೃತ್ತಿಗೆ ಇನ್ನು ಎಷ್ಟು ವರ್ಷ? ಹದಿನಾರೋ ಹದಿನೇಳೋ. ಧಾರವಾಡದ ಮಳೆ, ಗ್ರಂಥಾಲಯದ ಉದ್ದನೆಯ ಮೇಜು, ಯಾರೂ ಎಬ್ಬಿಸದ ಒಂದು ಮಧ್ಯಾಹ್ನ. ಎಲ್ಲವೂ ಒಂದು ಸಲ ಕಣ್ಣ ಮುಂದೆ ಬಂದು ನಿಂತವು. ಅವು ಹೋಗುವ ತನಕ ಕಾದ. ಆಮೇಲೆ ಜೋಳಿಗೆಯಿಂದ ಮಸಿಯ ದೌತಿ, ಕಾಗದ ತೆಗೆದ.

ಪಟ್ಟಿಯ ಮೊದಲ ಮೂರರ ಮುಂದೆ ‘ನನ್ನವು’ ಎಂದು ಬರೆದ. ಮುಂದಿನ ಮೂರರ ಪಕ್ಕ: ‘ನನ್ನ ತಮ್ಮ, ಲಿಂಗಸುಗೂರಿನ ದವಾಖಾನೆಯ ಕಂಪೌಂಡರ್.’ ಕೊನೆಯ ಎರಡರ ಪಕ್ಕ: ‘ನನ್ನ ಕಿರಿಯ ತಮ್ಮ, ಸಿಂಧನೂರಿನವನು. ಈಗಿಲ್ಲ.’ ಅದರ ಕೆಳಗೆ ಇನ್ನೊಂದು ಮಾತು ಸೇರಿಸಿದ: ತಾವು ಮೆಚ್ಚಿದ ವಾಕ್ಯ ಅವನದಲ್ಲ, ನನ್ನದು, ಅದು ತಪ್ಪು, ಅವನು ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ, ವರದಿಗೆ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ. ತ್ರೈಮಾಸಿಕದವರಿಗೂ ಅದನ್ನೇ ಬರೆದ.

ತಮ್ಮನ ಆ ಎಂಟು ಸಾಲನ್ನು ಕನ್ನಡಕ್ಕೆ ತರಲು ಒಂದೂವರೆ ತಾಸು ಹಿಡಿಯಿತು. ಕೈ ಹಳೆಯ ಚಾಳಿಗೆ ಹೋಗುತ್ತಿತ್ತು. ‘ಗೊತ್ತಾಗಿಲ್ಲ’ ಎಂಬಲ್ಲಿ ‘ಇನ್ನೂ ನಿಗೂಢ’ ಎಂದು ಬರೆದು, ಹೊಡೆದು, ‘ಗೊತ್ತಾಗಿಲ್ಲ’ ಎಂದೇ ಮತ್ತೆ ಬರೆದ. ಮುಗಿದ ಮೇಲೆ ಮೂರು ಪ್ರತಿ ಮಾಡಿ ಅವಳಿಗೆ ಓದಿ ಹೇಳಿದ.

“ಹಿಂಗೇ ಮಾತಾಡತಿದ್ರು,” ಅಂದಳು ಅವಳು. “ಏನು ಕೇಳಿದ್ರೂ ‘ಏನೋ, ನೋಡಬೇಕು’. ನಾನು ಬೈತಿದ್ದೆ, ‘ಒಂದರ ಪೂರಾ ಹೇಳ್ರಿ’ ಅಂತ.”

ಲಕೋಟೆಗಳನ್ನು ಅಂಚೆ ಪೆಟ್ಟಿಗೆಗೆ ಹಾಕಿದ. ಭಾನುವಾರ, ನಾಳೆಯವರೆಗೆ ಯಾರೂ ತೆಗೆಯುವವರಿಲ್ಲ, ತಾನೂ ತೆಗೆಯುವಂತಿಲ್ಲ. ಆಮೇಲೆ ವಳಕಮದಿನ್ನಿ ಕಡೆಯ ಒಂದು ಚಕ್ಕಡಿ ಹುಡುಕಿದ. ಇದನ್ನು ಆದೆಪ್ಪನ ಮುಂದೆ ತಾನೇ ಓದಬೇಕು ಅಂದ. ಕಸ್ತೂರೆಮ್ಮ, “ಹೊಲ ತಿರುಗಿ ಬರೂದಿಲ್ಲ,” ಅಂದಳು.

“ಬರೂದಿಲ್ಲ.”

ಅವಳು ಲಾಲ್‌ಬೀಗೆ ಕೀಲಿ ಕೊಟ್ಟು ಬಂದು ಚಕ್ಕಡಿಯ ಹಿಂಭಾಗದಲ್ಲಿ ಕೂತಳು.

ಕಾಲುವೆಯ ದಂಡೆಗುಂಟ ದಾರಿ. ಎರಡೂ ಕಡೆ ಕೊಯ್ದ ನೆಲ್ಲಿನ ಕೂಳೆ, ಇನ್ನೂ ಕೊಯ್ಯದ ತಾಕುಗಳು. ಈ ಕಡೆಯ ನೆಲಕ್ಕೆ ಆ ಬಣ್ಣ ಹೊಸದು. ಒಂದು ತಿರುವಿನಲ್ಲಿ ಕಸ್ತೂರೆಮ್ಮ ಎಡಗಡೆಯ ಹೊಲವೊಂದನ್ನು ನೋಡಿ ಮುಖ ತಿರುಗಿಸಿದಳು. ಯಾವ ಹೊಲ ಎಂದು ಅವನು ಕೇಳಲಿಲ್ಲ.

ಆದೆಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಪುಂಡಿನಾರಿನ ಹಗ್ಗ ಹೊಸೆಯುತ್ತ ಕೂತಿದ್ದ. ತಂಗಿಯನ್ನು ನೋಡಿದ, ಕೈ ನಿಲ್ಲಿಸಲಿಲ್ಲ. ದೊಡ್ಡಜ್ಜಪ್ಪ ನಿಂತೇ, ಯಾಕೆ ಬಂದೆ ಎಂಬುದನ್ನು ಹೇಳಿದ. ಪುಸ್ತಕದಲ್ಲಿ ಬಂದ ಮಾತು ತನ್ನದು, ನಿಮ್ಮ ತಂಗಿಯ ಗಂಡನದಲ್ಲ, ಅವನು ಬರೆದದ್ದು ಇದು. ಓದಿದ. ಒಂಬತ್ತು ಹೊಲ. ಐದರಲ್ಲಿ ಬಂದಿದೆ, ನಾಲ್ಕರಲ್ಲಿ ಬಂದಿಲ್ಲ.

“ಅದೊಂದು ಮಾತು ಮತ್ತೊಮ್ಮೆ ಓದ್ರಿ,” ಅಂದ ಆದೆಪ್ಪ. “ನಮ್ಮೂರದ್ದು.”

“‘ವಳಕಮದಿನ್ನಿಯದು ಬಂದಿಲ್ಲದ್ದರಲ್ಲಿ ಒಂದು. ಯಾಕೆ ಎಂದು ನನಗೆ ಗೊತ್ತಾಗಿಲ್ಲ.’”

ಆದೆಪ್ಪನ ಕೈ ನಿಂತಿತು. ಹೊಸೆದ ಹಗ್ಗ ತಿರುಚು ಬಿಚ್ಚಿಕೊಂಡು ಅವನ ಕಾಲ ಮೇಲೆ ಸುರುಳಿಯಾಗಿ ಬಿತ್ತು.

“ಗೊತ್ತಿಲ್ಲ ಅಂತ ಬರದಿದ್ನೇನು?” ಅಂದ. ಆಮೇಲೆ, ದೊಡ್ಡಜ್ಜಪ್ಪನ ಕಡೆ ನೋಡದೆ, “ಗೊತ್ತಿಲ್ಲ ಅಂದವನ ಮಾತು ಕೇಳಿ ಯಾರೂ ಹೊಲ ಮಾರೂದಿಲ್ರಿ, ಮಾಸ್ತರ.”

ಒಳಗಿನಿಂದ ಯಾರೋ ಇಣುಕಿ ಹಿಂದೆ ಸರಿದರು. ಆದೆಪ್ಪ ಎದ್ದು, ಬಾಗಿಲಿಗೆ ಅಡ್ಡ ಬಿದ್ದಿದ್ದ ನಾರಿನ ಕಟ್ಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

“ಒಳಗ ಹೋಗವ್ವಾ,” ಅಂದ ತಂಗಿಗೆ. “ಉಂಡಿಯಿಲ್ಲೋ ಏನೋ. ಹೋಗು.”

ಕಸ್ತೂರೆಮ್ಮ ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತು ಭಾವನ ಕಡೆ ತಿರುಗಿದಳು. ಅವನು ಹೋಗು ಎಂಬಂತೆ ತಲೆಯಾಡಿಸಿದ. ಅವಳು ಒಳಗೆ ಹೋದಳು. ಒಳಗೆ ಹೆಂಗಸರ ದನಿಗಳು ಒಮ್ಮೆಲೇ ಎದ್ದವು, ಪಾತ್ರೆಯ ಸದ್ದಾಯಿತು. ಆದೆಪ್ಪ ಮತ್ತೆ ಕಟ್ಟೆಯ ಮೇಲೆ ಕೂತು, ಬಿಚ್ಚಿದ ಎಳೆಗಳನ್ನು ಜೋಡಿಸಿ ಹೊಸೆಯತೊಡಗಿದ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ.

ದೊಡ್ಡಜ್ಜಪ್ಪ ಹಾಳೆಯನ್ನು ಮಡಚಿ ಕಟ್ಟೆಯ ಅಂಚಿಗಿಟ್ಟು, ಗಾಳಿಗೆ ಹಾರದಂತೆ ಮೇಲೊಂದು ಹೆಂಟೆ ಇಟ್ಟ. ಚಕ್ಕಡಿಯವನು ಆಗಲೇ ಮುಂದಿನ ಊರಿಗೆ ಹೊರಟುಹೋಗಿದ್ದ. ಬಿಸಿಲು ಇನ್ನೂ ಇತ್ತು. ಸಿಂಧನೂರಿನ ದಾರಿ ಹಿಡಿದು ನಡೆಯತೊಡಗಿದ.